ಕಣ್ಣು ಕಾಣದ ಮಕ್ಕಳ ಚಿಪ್ಪಿನ ಪೆಟ್ಟಿಗೆಗೆ ನೆರವಾಗಿ

ಆತ್ಮೀಯರೇ, ನಮಸ್ಕಾರ.

ಕಣ್ಣು ಕಾಣದ ಮಗು ವಿಜ್ಞಾನ ಓದ್ತೀನಿ ಅಂದರೆ, "ನಿನಗ್ಯಾಕಪ್ಪಾ ಆ ಕಷ್ಟ, ಸುಮ್ನೆ ಬೇರೆ ಏನಾದ್ರೂ ತಗೋ" ಅನ್ನುವವರೇ ಜಾಸ್ತಿ. ಅಂಥವರಿಗೆ ನಾವು, ಕಣ್ಣು ಕಾಣದಿದ್ದರೂ ಕಡಲ ಚಿಪ್ಪುಗಳ ವಿಜ್ಞಾನಿಯಾದ ಗೀರತ್ ವರ್ಮೇ ಅವರ ಬಗ್ಗೆ ಹೇಳುತ್ತೇವೆ.

ಅವರು 1946ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದರು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಿಂದಾಗಿ ಮೂರನೇ ವಯಸ್ಸಿಗೇ ದೃಷ್ಟಿ ಪೂರ್ತಿ ಹೋಯಿತು. ಮುಂದೆ ಕುಟುಂಬ ಅಮೆರಿಕದ ನ್ಯೂಜೆರ್ಸಿಗೆ ಬಂತು. ಅಲ್ಲಿ ನಾಲ್ಕನೇ ತರಗತಿಯ ಟೀಚರ್ ಬೆಚ್ಚನೆಯ ಫ್ಲೋರಿಡಾದಿಂದ ತಂದ ಚಿಪ್ಪುಗಳನ್ನು ಕ್ಲಾಸಿನ ಕಿಟಕಿಯ ಬಳಿ ಇಟ್ಟಿದ್ದರು. ಹುಡುಗ ಮುಟ್ಟಿ ನೋಡಿದ. ಹುಟ್ಟಿದ ನಾಡಿನ ಕಡಲಲ್ಲಿ ಸಿಗುತ್ತಿದ್ದವು ಸೀಮೆಸುಣ್ಣದ ಹಾಗೆ ಒರಟು. ಇವೋ ನುಣುಪು, ಚೆಂದ. ಬಿಸಿಲ ನಾಡಿನ ಚಿಪ್ಪು ಯಾಕೆ ಹೀಗೆ? ಆ ಪ್ರಶ್ನೆಯ ಬೆನ್ನು ಹತ್ತಿ ಅವರು ಪ್ರಿನ್ಸ್‌ಟನ್‌ನಲ್ಲಿ ಓದಿದರು, 1971ರಲ್ಲಿ ಯೇಲ್‌ನಿಂದ ಪಿಎಚ್‌ಡಿ ಪಡೆದರು, ಆಮೇಲೆ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಅವರು ಕಂಡುಕೊಂಡಿದ್ದು ಏನು ಗೊತ್ತಾ? ಕೆಲವು ಚಿಪ್ಪುಗಳ ಮೇಲೆ ಉಗುರು ಎಳೆದರೆ ಒಂದು ಕಡೆ ಅಂಕುಡೊಂಕು ಗೆರೆ ತಡೆಯುತ್ತದೆ. ಅಲ್ಲಿ ಯಾವುದೋ ಏಡಿ ಚಿಪ್ಪಿನ ಅಂಚು ಮುರಿದಿತ್ತು. ಒಳಗಿನ ಜೀವಿ ಬದುಕಿಕೊಂಡು, ಮುರಿದ ಜಾಗದಿಂದ ಮತ್ತೆ ಚಿಪ್ಪು ಬೆಳೆಸಿತ್ತು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಂಥ ಬೆಚ್ಚನೆಯ ಕಡಲಲ್ಲಿ ಏಡಿಗಳಿಗೆ ಬಲ ಜಾಸ್ತಿ. ಅಲ್ಲಿನ ಚಿಪ್ಪುಗಳೂ ದಪ್ಪ, ಬಾಯಿ ಕಿರಿದು. ಬೇಟೆಯಾಡುವ ಜೀವಿ ಮತ್ತು ಬೇಟೆಗೆ ಸಿಗುವ ಜೀವಿಯ ಈ ಪೈಪೋಟಿ ಕೋಟ್ಯಂತರ ವರ್ಷಗಳಿಂದ ನಡೆದಿದೆ ಎಂದು ಅವರು ಪಳೆಯುಳಿಕೆಗಳನ್ನೂ ಮುಟ್ಟಿ ನೋಡಿ ವಾದಿಸಿದರು. 1992ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಎಂಬ ಅಮೆರಿಕದ ದೊಡ್ಡ ಗೌರವ ಬಂತು.

ಆದರೆ ಇದೆಲ್ಲ ಅವರೊಬ್ಬರಿಂದಲೇ ಆಗಿದ್ದಲ್ಲ. ಚಿಕ್ಕಂದಿನಲ್ಲಿ ಮನೆಯವರು ಪುಸ್ತಕಗಳನ್ನು ಬ್ರೈಲ್‌ಗೆ ಇಳಿಸಿಕೊಟ್ಟರು. ಮುಂದೆ ಹೆಂಡತಿ ಲೇಖನಗಳನ್ನು ಜೋರಾಗಿ ಓದುತ್ತಿದ್ದರು, ಇವರು ಬ್ರೈಲ್‌ನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ನಮ್ಮ ಮಕ್ಕಳಿಗೂ ಬೇಕಿರುವುದು ಇಂಥದ್ದೇ ಬೆಂಬಲ, ಅಲ್ವಾ?

ನಮ್ಮ ಟ್ರಸ್ಟ್ ಚಿಪ್ಪು, ಮೂಳೆ, ಬೀಜ, ಕಲ್ಲುಗಳನ್ನು ಮುಟ್ಟಿ ಕಲಿಯುವ ಪೆಟ್ಟಿಗೆಗಳನ್ನು ಮಾಡುತ್ತಿದೆ. ಪ್ರತಿಯೊಂದಕ್ಕೂ ಬ್ರೈಲ್ ಚೀಟಿ, ಜೊತೆಗೊಂದು ಬ್ರೈಲ್ ಪುಸ್ತಕ. ಬ್ರೈಲ್ ಕಾಗದ ದಪ್ಪ, ಖರ್ಚೂ ಜಾಸ್ತಿ. ನಿಮ್ಮ ಕೈಲಾದಷ್ಟು ಕೊಡಿ, ಚಿಕ್ಕ ಮೊತ್ತವೂ ಬೇಕು. ಹಣ ಕೊಡಲು ಆಗದಿದ್ದರೆ ವಾರಕ್ಕೊಂದು ಗಂಟೆ ಬಂದು ಮಕ್ಕಳಿಗೆ ವಿಜ್ಞಾನದ ಪಾಠ ಓದಿ ಹೇಳಿ. ಅದೂ ದೇಣಿಗೆಯೇ.

ಒಂದು ವಿನಂತಿ: ಜೀವ ಇರುವ ಚಿಪ್ಪನ್ನು ದಯವಿಟ್ಟು ಕಡಲಿಂದ ತರಬೇಡಿ. ಕೆಲವು ಜಾತಿಗಳಿಗೆ ಕಾನೂನಿನ ರಕ್ಷಣೆ ಇದೆ. ಮನೆಯಲ್ಲಿ ಹಳೆಯ ಚಿಪ್ಪುಗಳಿದ್ದರೆ ಮೊದಲು ನಮಗೆ ತಿಳಿಸಿ, ಯಾವುದನ್ನು ತೆಗೆದುಕೊಳ್ಳಬಹುದು ಎಂದು ನೋಡಿ ಹೇಳುತ್ತೇವೆ. ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ಯಾವ ಪೆಟ್ಟಿಗೆಗೆ ನಿಮ್ಮ ಹಣ ಹೋಯಿತು ಎಂಬುದನ್ನೂ ಬರೆದು ತಿಳಿಸುತ್ತೇವೆ.