ಕೆಟ್ಟಿರುವುದು ಇಂಡಕ್ಷನ್ ಒಲೆಯೋ, ಪಾತ್ರೆಯೋ?

ಮಾನ್ಯ ಸಂಪಾದಕರೇ,

ಪಾತ್ರೆಯಿಟ್ಟರೂ ಕಾಯದೆ ಇಂಡಕ್ಷನ್ ಒಲೆ ಬೀಪ್ ಎನ್ನುತ್ತಿದ್ದರೆ, ಅದನ್ನು ರಿಪೇರಿಗೆ ಹೊತ್ತೊಯ್ಯುವ ಮುನ್ನ ಪಾತ್ರೆಯ ತಳಕ್ಕೊಂದು ಆಯಸ್ಕಾಂತ ಹಿಡಿದು ನೋಡುವುದು ಒಳಿತು. ಈ ಒಲೆ ಕಾಂತಕ್ಷೇತ್ರದ ಮೂಲಕ ಪಾತ್ರೆಯ ತಳವನ್ನೇ ಬಿಸಿಯಾಗಿಸುವುದರಿಂದ, ಆಯಸ್ಕಾಂತ ಅಂಟದ ಸಾದಾ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಇದನ್ನರಿಯದೆ, ಹಳೆಯ ಕುಕ್ಕರ್ ಕಾಯಲಿಲ್ಲವೆಂದು ನಾನು ಸರಿಯಿದ್ದ ಒಲೆಯನ್ನೇ ಎರಡು ಬಾರಿ ಅಂಗಡಿಗೆ ಒಯ್ದಿದ್ದೆ. ಅಲ್ಲಿಯೂ ಪಾತ್ರೆ ಯಾವುದೆಂದು ಯಾರೂ ಕೇಳಲಿಲ್ಲ.

ಅಡುಗೆಯ ನಡುವೆ ತಾನಾಗಿ ನಿಲ್ಲುವುದಕ್ಕೆ ಕಾರಣ ಬಹುಮಟ್ಟಿಗೆ ಬಿಸಿ. ಅಡಿಯಲ್ಲಿ ಹಾಸಿದ ಬಟ್ಟೆ ಅಥವಾ ಕಾಗದ (ತಮ್ಮ ಪತ್ರಿಕೆಯೂ ಇದಕ್ಕೆ ಹೊರತಲ್ಲ) ಗಾಳಿಕಿಂಡಿಯನ್ನು ಮುಚ್ಚಿದರೆ ಒಳಗಿನ ಶಾಖ ಹೊರಹೋಗುವುದಿಲ್ಲ. ಅಡುಗೆ ಮುಗಿದೊಡನೆ ಗೋಡೆಯ ಸ್ವಿಚ್ ಆರಿಸಿದರೆ ತಂಪುಗೊಳಿಸುವ ಫ್ಯಾನ್ ಕೂಡ ನಿಲ್ಲುತ್ತದೆ. 2,000 ವ್ಯಾಟ್‌ನ ಒಲೆ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುವುದರಿಂದ ಅದಕ್ಕೆ 6 ಆಂಪಿಯರ್‌ನ ಸಾಕೆಟ್ ಸಾಲದು, 16 ಆಂಪಿಯರ್‌ನದೇ ಬೇಕು.

ತೆರೆಯಲ್ಲಿ ಮೂಡುವ ದೋಷಸಂಕೇತಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ, ತಯಾರಕರು ಅವುಗಳ ವಿವರವನ್ನು ಕನ್ನಡದಲ್ಲಿ ಮುದ್ರಿಸಿ ಒಲೆಯ ಜೊತೆಗೇ ನೀಡಬೇಕೆಂದು ಕೋರುತ್ತೇನೆ.

– ಓರ್ವ ಗ್ರಾಹಕ, ಶಿವಮೊಗ್ಗ