ಟ್ಯೂಷನ್ ಬೇಕಾ ಅಂತ ಕೇಳಿದೆಯಲ್ಲ

ಪುಟ್ಟೀ,

ಲೆಕ್ಚರ್ ಜೊತೆಗೆ ಸ್ಟ್ಯಾಟಿಸ್ಟಿಕ್ಸ್‌ಗೆ ಟ್ಯೂಷನ್ ಸೇರಲಾ ಅಂತ ಕೇಳಿದ್ದೀಯ. ಸೇರು. ಡಿಗ್ರಿಗೆ ಬಂದಮೇಲೂ ಟ್ಯೂಷನ್ನಾ ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡ. ಆಕ್ಸ್‌ಫರ್ಡ್‌ನಲ್ಲಿ ಲೆಕ್ಚರ್ ಇದ್ದೇ ಇರುತ್ತೆ, ಅದರ ಜೊತೆಗೆ ಇಬ್ಬರೋ ಮೂವರೋ ಟ್ಯೂಟರ್ ಎದುರು ಕೂತು ತಾವು ಬರೆದದ್ದಕ್ಕೆ ಕಾರಣ ಹೇಳುವ ಟ್ಯುಟೋರಿಯಲ್ಲೂ ಇರುತ್ತೆ. ಅದೇನು ಹಿಂದುಳಿದವರಿಗೆ ಅಂತ ಇಟ್ಟದ್ದಲ್ಲ.

1984ರಲ್ಲಿ ಬೆಂಜಮಿನ್ ಬ್ಲೂಮ್ ಅನ್ನುವ ಶಿಕ್ಷಣತಜ್ಞರು, ಟ್ಯೂಟರ್ ಹತ್ತಿರ ಕಲಿತವರು ಮಾಮೂಲಿ ಕ್ಲಾಸಿನವರಿಗಿಂತ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು ಮುಂದಿದ್ದರು ಅಂತ ಬರೆದರು. ಮಾರ್ಕ್ಸ್ ಸರಾಸರಿಯಿಂದ ಎಷ್ಟು ಹರಡಿದೆ ಅನ್ನುವ ಅಳತೆ ಅದು; ಅಂಥ ಎರಡು ಅಂದರೆ ಎಷ್ಟು ದೊಡ್ಡ ಮಾತು ಅಂತ ನಿನಗೇ ಗೊತ್ತು, ಅಲ್ವಾ. ಆದರೆ 2011ರಲ್ಲಿ ಕರ್ಟ್ ವ್ಯಾನ್‌ಲೆನ್ ಅನ್ನುವ ಸಂಶೋಧಕರು ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಸಿಕ್ಕಿದ್ದು 0.79 ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು ಅಂತರ ಮಾತ್ರ. ಅದೂ ಕಡಿಮೆಯೇನಲ್ಲ, ಆದರೆ ಪವಾಡ ಅಲ್ಲ.

ನನಗೆ ಮುಖ್ಯ ಅನ್ನಿಸುವುದು ಆ ಒಂದು ಗಂಟೆಯಲ್ಲಿ ಯಾರು ಜಾಸ್ತಿ ಮಾತಾಡುತ್ತಾರೆ ಅನ್ನುವುದು. ಟ್ಯೂಟರ್ ಬೋರ್ಡ್ ಮೇಲೆ ಚೆಂದವಾಗಿ ಲೆಕ್ಕ ಮಾಡುತ್ತಾ ಹೋದರೆ, ನೀನು ತಲೆಯಾಡಿಸುತ್ತಾ ಕೂತರೆ, ಎಲ್ಲ ಅರ್ಥವಾದ ಹಾಗೇ ಇರುತ್ತೆ, ಮನೆಗೆ ಬಂದು ಒಬ್ಬಳೇ ಪೆನ್ನು ಹಿಡಿದಾಗಲೇ ಗೊತ್ತಾಗೋದು ಏನೂ ಉಳಿದಿಲ್ಲ ಅಂತ. ಅದು ದುಡ್ಡು ಕೊಟ್ಟು ಕೇಳಿದ ಇನ್ನೊಂದು ಲೆಕ್ಚರ್, ಅಷ್ಟೇ. ಅದಕ್ಕೇ ನೀನು ತಪ್ಪು ಮಾಡಿದ ಹಾಳೆಯನ್ನೇ ತಗೊಂಡು ಹೋಗು. ಅಳಿಸಬೇಡ, ನೀಟಾಗಿ ಇನ್ನೊಂದು ಸಲ ಬರೆಯಲೂ ಬೇಡ. ಪಿ-ವ್ಯಾಲ್ಯೂ ಅಂದರೆ ನೀನು ಏನಂದುಕೊಂಡಿದ್ದೀಯ ಅಂತ ನಿನ್ನ ಬಾಯಲ್ಲೇ ಹೇಳಿಸುವ ಟ್ಯೂಟರ್ ಸಿಕ್ಕರೆ ಬಿಡಬೇಡ. ನೂರಾರು ಜನ ಕೂತಿರುವ ಹಾಲ್‌ನಲ್ಲಿ ಲೆಕ್ಚರರ್ ಎಷ್ಟೇ ಒಳ್ಳೆಯವರಾದರೂ, ನೀನು ಯಾವ ಸಾಲಿನಲ್ಲಿ ದಾರಿ ತಪ್ಪಿದೆ ಅಂತ ಅವರಿಗೆ ಕಾಣುವುದಿಲ್ಲ.

ಟ್ಯೂಷನ್ ಇದೆ ಅಂತ ಕ್ಲಾಸ್ ತಪ್ಪಿಸಬೇಡ. ಏನು ಪಾಠ ಆಯ್ತು, ಯಾವುದಕ್ಕೆ ಒತ್ತು ಕೊಟ್ಟರು ಅನ್ನುವುದು ಅಲ್ಲಿ ಕೂತವರಿಗೆ ತಾನೇ ಗೊತ್ತು. ಡೌಟ್ ಕೇಳಲು ಲೆಕ್ಚರರ್ ಸಮಯ ಕೊಟ್ಟಿದ್ದರೆ ಮೊದಲು ಅಲ್ಲಿಗೇ ಹೋಗು, ಸಂಕೋಚ ಬೇಡ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ನಿನಗೆ ಮಾರ್ಕ್ಸ್ ಹಾಕುವವರೇ ಹೊರಗೆ ದುಡ್ಡು ತಗೊಂಡು ಟ್ಯೂಷನ್ ಮಾಡುತ್ತಿದ್ದರೆ, ಅವರು ಎಷ್ಟೇ ಚೆನ್ನಾಗಿ ಕಲಿಸಲಿ, ಅವರ ಹತ್ತಿರ ಹೋಗಬೇಡ. ದುಡ್ಡು ಕೊಡಲಾಗದ ನಿನ್ನ ಗೆಳತಿಯರಿಗೆ ಅದು ಅನ್ಯಾಯ. ನಿನಗೆ ಬಂದ ಮಾರ್ಕ್ಸ್ ಮೇಲೂ ಅನುಮಾನ ಉಳಿಯುತ್ತೆ. ಹಾಗೇ, ಅಸೈನ್‌ಮೆಂಟ್ ನಾನೇ ಬರೆದುಕೊಡ್ತೀನಿ ಅನ್ನುವ ಟ್ಯೂಟರ್ ಸಿಕ್ಕರೆ ಅವತ್ತೇ ನಿಲ್ಲಿಸಿಬಿಡು.

ಫೀಸ್ ಚಿಂತೆ ನನಗೆ ಬಿಡು. ಆದರೆ ಇಡೀ ಸೆಮಿಸ್ಟರಿನ ದುಡ್ಡು ಒಟ್ಟಿಗೆ ಕಟ್ಟಬೇಡ. ಒಂದೆರಡು ಕ್ಲಾಸ್ ಕೂತು ನೋಡಿ ಫೋನ್ ಮಾಡು.

ನಿನ್ನ ಅಮ್ಮ