ಎಕರೆಗೆ ಒಂದು ಬಾಟಲಿ ಯಾವ ಲೆಕ್ಕ?

ಮಾನ್ಯರೇ,

ಕೀಟನಾಶಕದ ಶೇಷ ಉಳಿದ ಹೊಲಕ್ಕೆ ಎಕರೆಗೆ ಒಂದು ಲೀಟರ್ ಬ್ಯಾಕ್ಟೀರಿಯಾ ದ್ರಾವಣ ಬಿಟ್ಟರೆ ಮಣ್ಣು ಶುದ್ಧವಾಗುತ್ತದೆ ಎಂಬ ಪ್ರಚಾರ ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಂದು ಎಕರೆಯಲ್ಲಿ ಮೇಲಿನ 15 ಸೆಂ.ಮೀ. ಮಣ್ಣೇ ಸುಮಾರು 800 ಟನ್ ತೂಗುತ್ತದೆ. ಮಿಲಿಲೀಟರಿಗೆ 100 ಕೋಟಿ ಜೀವಕೋಶವಿರುವ ಉತ್ತಮ ದ್ರಾವಣವಾದರೂ ಗ್ರಾಂ ಮಣ್ಣಿನ ಪಾಲಿಗೆ ಬರುವುದು ಸಾವಿರ ಚಿಲ್ಲರೆ. ಸಾಮಾನ್ಯವಾಗಿ ಗ್ರಾಂಗೆ 10 ಲಕ್ಷವಾದರೂ ಬೇಕು, ಅಂದರೆ 800 ಲೀಟರ್! ಅದರಲ್ಲೂ ಹೊರಗಿನಿಂದ ಬಂದವುಗಳಲ್ಲಿ ಬಹುಪಾಲನ್ನು ಮಣ್ಣಿನಲ್ಲಿರುವ ಪ್ರೊಟೊಜೋವಾ ಎಂಬ ಏಕಕೋಶ ಜೀವಿಗಳೇ ತಿಂದು ಮುಗಿಸುತ್ತವೆ.

ಹಾಗೆಂದು ಬ್ಯಾಕ್ಟೀರಿಯಾದಿಂದ ಶೇಷ ಒಡೆಸುವ ವಿಧಾನವೇ ಸುಳ್ಳಲ್ಲ. ಅಟ್ರಜಿನ್ ಎಂಬ ಕಳೆನಾಶಕ ಒಡೆಯುವ ಸ್ಯೂಡೋಮೊನಾಸ್, ಲಿಂಡೇನ್ ಎಂಬ ಕೀಟನಾಶಕ ಒಡೆಯುವ ಸ್ಫಿಂಗೋಬಿಯಂ ಬ್ಯಾಕ್ಟೀರಿಯಾ ತಳಿಗಳಿವೆ. ಆದರೆ ಒಂದರ ಕೆಲಸ ಇನ್ನೊಂದಕ್ಕೆ ಬಾರದು. ಮೊದಲು 10–15 ಕಡೆಯ ಮಣ್ಣು ಬೆರೆಸಿ, ಯಾವ ಔಷಧಿ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ತಾಮ್ರದ ಶಿಲೀಂಧ್ರನಾಶಕ ಸೇರಿಕೊಂಡಿದ್ದರೆ ಆಸೆ ಬಿಡಿ. ತಾಮ್ರ ಮೂಲಧಾತು, ಅದನ್ನು ಯಾವ ಜೀವಿಯೂ ಒಡೆಯಲಾರದು.

ಈ ವಿಧಾನ ಚೆನ್ನಾಗಿ ಫಲಿಸುವುದು ಔಷಧಿ ಕಲಸುವ, ಪಂಪ್ ತೊಳೆಯುವ ಜಾಗದಲ್ಲಿ. ನೀರು ಇಂಗದಂತೆ ತಳಕ್ಕೆ ಜೇಡಿಮಣ್ಣು ಬಡಿದ ಗುಂಡಿಯಲ್ಲಿ ಎರಡು ಪಾಲು ಕತ್ತರಿಸಿದ ಒಣಹುಲ್ಲು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ಅದೇ ಜಾಗದ ಮಣ್ಣು ಬೆರೆಸಿ ಅರ್ಧ ಮೀಟರಿಗಿಂತ ತುಸು ಹೆಚ್ಚು ಆಳಕ್ಕೆ ತುಂಬಬೇಕು. ಅದೇ ಮಣ್ಣು ಏಕೆಂದರೆ, ಆ ಔಷಧಿಯನ್ನೇ ಉಂಡು ಬದುಕಲು ಕಲಿತ ಬ್ಯಾಕ್ಟೀರಿಯಾ ಬಹುತೇಕ ಅಲ್ಲಿ ಆಗಲೇ ಇರುತ್ತದೆ. ಬಾಟಲಿಯ ಅಗತ್ಯವೇ ಬೀಳದಿರಬಹುದು. ಹಿಡಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು, ಬೆರಳು ತಾಗಿಸಿದರೆ ಒಡೆಯಬೇಕು: ಅದೇ ಹದ. ನೀರು ಹೆಚ್ಚಾದರೆ ಗಾಳಿ ಸಿಗದೆ ಕೆಲಸ ಕುಂಟುತ್ತದೆ. ಯೂರಿಯಾ ಸುರಿಯುವ ಆತುರವೂ ಬೇಡ. ಅಟ್ರಜಿನ್ ತಿನ್ನುವ ಬ್ಯಾಕ್ಟೀರಿಯಾ ಅದನ್ನು ಒಡೆಯುವುದೇ ಸಾರಜನಕಕ್ಕಾಗಿ. ಸುಲಭದ ಸಾರಜನಕ ಸಿಕ್ಕರೆ ಅಟ್ರಜಿನ್ ಗೊಡವೆಗೆ ಹೋಗದು.

ಫಲಿತಾಂಶ ಓದುವಲ್ಲಿಯೂ ಎಡವುವವರೇ ಹೆಚ್ಚು. ಎಂಡೋಸಲ್ಫಾನ್ ಕಡಿಮೆಯಾದ ವರದಿ ನೋಡಿ ಹಿಗ್ಗುತ್ತಾರೆ, ಆದರೆ ಅದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಕೂತಿರಬಹುದು. ಅಷ್ಟೇ ವಿಷ, ಇನ್ನೂ ಹೆಚ್ಚು ಕಾಲ ಬಾಳುವಂಥದ್ದು. ಕ್ಲೋರ್‌ಪೈರಿಫಾಸ್‌ನಿಂದ ಅದು ಒಡೆದಾಗ ಹುಟ್ಟುವ ಟಿಸಿಪಿ (ಟ್ರೈಕ್ಲೋರೊಪಿರಿಡಿನಾಲ್) ಎಂಬ ರಾಸಾಯನಿಕ ತನ್ನನ್ನು ಒಡೆಯಬೇಕಾದ ಬ್ಯಾಕ್ಟೀರಿಯಾವನ್ನೇ ತಡೆಯುತ್ತದೆ, ನೀರಿನೊಂದಿಗೆ ಕೆಳಕ್ಕೂ ಇಳಿಯುತ್ತದೆ. ಇವನ್ನೂ ಪರೀಕ್ಷಿಸಬೇಕು. ಬ್ಯಾಕ್ಟೀರಿಯಾ ಹಾಕದ ಒಂದು ಗುಡ್ಡೆಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಬಿಸಿಲಿಗೆ, ಕಾಲಕ್ಕೆ ತಾನಾಗಿ ಕಳೆದದ್ದೆಷ್ಟು ಎಂಬುದು ಆಗಲೇ ತಿಳಿಯುವುದು.

ಯಾವ ರಾಸಾಯನಿಕಕ್ಕೆ, ಯಾವ ತಳಿ, ಮಿಲಿಲೀಟರಿಗೆ ಎಷ್ಟು ಜೀವಕೋಶ, ಎಂದಿನವರೆಗೆ ಜೀವಂತ ಎಂಬ ನಾಲ್ಕು ವಿವರಗಳಿಲ್ಲದ ಬಾಟಲಿಯನ್ನು ಮಾರಲು ಬಿಡಬಾರದು.

– ಮಣ್ಣು ಸೂಕ್ಷ್ಮಜೀವಿ ಕ್ಷೇತ್ರದಲ್ಲಿ ಕೆಲಸ ಮಾಡುವ ಓದುಗರು